ಚಿಕ್ಕ ಕೈಗೆ ಎಂಥ ಸ್ಯಾಂಡರ್?

ಬಾಗಿಲು ಮಾಡುವಾಗ ಕೊಯ್ಯುವುದು, ತೂತು ಹೊಡೆಯುವುದು, ಜೋಡಿಸುವುದು ಹೆಚ್ಚುಕಡಿಮೆ ಅಂದಾಜಿನಂತೆ ಮುಗಿಯುತ್ತವೆ. ಪೇಪರ್ ಹೊಡೆಯುವ ಕೆಲಸ ಮಾತ್ರ ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ. ಎರಡು ಮುಖ, ನಾಲ್ಕು ಅಂಚು, ಪ್ಯಾನೆಲ್ಲಿನ ಮೂಲೆಗಳು, ಬಾಗಿಲುವಾಡದ ಒಳಬದಿ, ಇವೆಲ್ಲವನ್ನೂ 80ನೇ ನಂಬರಿನಿಂದ ಹಿಡಿದು 180ರವರೆಗೆ ಮೂರು ಸಲ ಉಜ್ಜಬೇಕು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಕಡೆ ಮನೆಗೆ ಅಂಟಿಕೊಂಡೇ ಇರುವ ಮರಗೆಲಸದ ಶೆಡ್ಡುಗಳಲ್ಲಿ ಈ ಕೆಲಸ ಹೊಸದಾಗಿ ಕಲಿಯಲು ಬಂದವರ ಪಾಲಿಗೋ ಮನೆಯ ಹೆಣ್ಣುಮಕ್ಕಳ ಪಾಲಿಗೋ ಬರುವುದೇ ಹೆಚ್ಚು. ಶೆಡ್ಡಿನಲ್ಲಿ ಎಲ್ಲರಿಗಿಂತ ಚಿಕ್ಕ ಕೈ ಯಾರದೋ, ಎಲ್ಲರಿಗಿಂತ ಹೆಚ್ಚು ಹೊತ್ತು ಸ್ಯಾಂಡರ್ ಹಿಡಿಯುವವರು ಅವರೇ. ಅದನ್ನು ಅಂಗಡಿಯಿಂದ ತಂದವರು ಬೇರೆ ಯಾರೋ; ತರುವಾಗ ಅವರು ಕೇಳಿದ್ದು ವಾಟ್ ಎಷ್ಟು, ರೇಟ್ ಎಷ್ಟು ಎಂದು ಮಾತ್ರ.

ವಾಟ್ ನೋಡುವುದು ಕೊನೆಗೆ. ಮೊದಲು ನೋಡಬೇಕಾದದ್ದು ಮರದಿಂದ ಎಷ್ಟು ಎತ್ತರದಲ್ಲಿ ಅಂಗೈ ಕೂರುತ್ತದೆ, ಬೆರಳು ಸುತ್ತುವ ಕಡೆ ಬಾಡಿ ಎಷ್ಟು ದಪ್ಪ, ಸ್ವಿಚ್ ಎಲ್ಲಿದೆ ಎಂಬುದನ್ನು. ಚಿಕ್ಕ ಕೈಯವರ ಕಷ್ಟ ಬಲಕ್ಕೆ ಸಂಬಂಧಿಸಿದ್ದಲ್ಲ. ಹಿಡಿತ ಸಿಗದ ಮೆಷಿನ್ನನ್ನು ಬಿಗಿಹಿಡಿದೇ ನಡೆಸಬೇಕಾಗುತ್ತದೆ; ಬಿಗಿ ಹಿಡಿದಷ್ಟೂ ನಡುಕ ಕೈಗೆ ಏರುತ್ತದೆ, ಅರ್ಧ ಗಂಟೆಯಲ್ಲಿ ಬೆರಳು ಜೋಮು ಹಿಡಿಯುತ್ತದೆ. ಹಿಡಿತ ಸರಿಯಾಗಿದ್ದರೆ ಅದೇ ಕೆಲಸಕ್ಕೆ ಕೈಯ ಭಾರವಷ್ಟೇ ಸಾಕು.

ಹೇಗೆ ಎಂದು ತಿಳಿಯಲು ಮೆಷಿನ್ನಿನ ಒಳಗನ್ನು ಸ್ವಲ್ಪ ನೋಡೋಣ. ಈಗ ಮರಗೆಲಸದಲ್ಲಿ ಎಲ್ಲಕ್ಕಿಂತ ಉಪಯೋಗದ್ದು ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್, ದುಂಡನೆಯ 125 ಮಿಲಿಮೀಟರ್ ಪ್ಯಾಡಿನದು. ಇದರ ಮೋಟಾರು ನೇರವಾಗಿ ನಿಂತಿರುತ್ತದೆ. ಪ್ಯಾಡ್ ಮೋಟಾರಿನ ಶಾಫ್ಟಿನ ನಟ್ಟನಡುವೆ ಇರುವುದಿಲ್ಲ. ಒಂದೂಕಾಲು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದು, ಬೇರಿಂಗಿನ ಮೇಲೆ ಸಡಿಲವಾಗಿ ತಿರುಗುವಂತೆ ಕೂತಿರುತ್ತದೆ. ಶಾಫ್ಟ್ ತಿರುಗಿದಾಗ ಪ್ಯಾಡಿನ ಪ್ರತಿ ಬಿಂದುವೂ ಎರಡೂವರೆ ಮಿಲಿಮೀಟರ್ ಅಗಲದ ಪುಟ್ಟ ವೃತ್ತ ಬರೆಯುತ್ತದೆ. ಜೊತೆಗೆ ಪ್ಯಾಡ್ ತಾನೂ ನಿಧಾನವಾಗಿ ಸುತ್ತುತ್ತದೆ. ಎರಡು ಚಲನೆ ಬೆರೆತು ಒಂದೇ ಗೆರೆಯ ಮೇಲೆ ಮತ್ತೆ ಗೆರೆ ಬೀಳುವುದು ತಪ್ಪುತ್ತದೆ. ಅದರಿಂದ ಪಾಲಿಶ್ ಹಚ್ಚಿದ ಮೇಲೆ ಗೀರು ಎದ್ದು ಕಾಣುವುದಿಲ್ಲ. ಪಕ್ಕಕ್ಕೆ ಸರಿದ ಭಾರವನ್ನು ತೂಗಿಸಲು ಒಳಗೊಂದು ಲೋಹದ ತುಂಡು ಇರುತ್ತದೆ. ಅದು ಪ್ಯಾಡ್ ಮತ್ತು ಪೇಪರಿನ ಭಾರಕ್ಕೆ ಲೆಕ್ಕ ಹಾಕಿ ಕೂರಿಸಿದ್ದು. ಹರಿದ ಪ್ಯಾಡ್ ಇಟ್ಟುಕೊಂಡೋ ಪೇಪರನ್ನು ಓರೆಯಾಗಿ ಅಂಟಿಸಿಯೋ ಓಡಿಸಿದರೆ ಲೆಕ್ಕ ತಪ್ಪಿ ನಡುಕ ಹೆಚ್ಚುತ್ತದೆ.

ಇಲ್ಲೇ ಒತ್ತಡದ ವಿಷಯವೂ ಬರುತ್ತದೆ. ಮೇಲಿಂದ ಒತ್ತಿದರೆ ಪ್ಯಾಡಿನ ಸುತ್ತಾಟ ನಿಂತು ಬರೀ ನಡುಗಾಟ ಉಳಿಯುತ್ತದೆ. ಆಗ ಮರದ ಮೇಲೆ ಹಂದಿಬಾಲದಂತೆ ಸುರುಳಿ ಗೀರುಗಳು ಬೀಳುತ್ತವೆ. ಪ್ಯಾಡಿನ ಅಂಚಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಮೆಷಿನ್ ಓಡಿಸಿ ನೋಡಿ. ಆ ಗೆರೆ ಸುತ್ತು ಬರುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೆ ಒತ್ತಡ ಹದವಾಗಿದೆ. ನಿಂತ ಕಡೆಯೇ ನಡುಗುತ್ತಿದ್ದರೆ ಹೆಚ್ಚಾಗಿದೆ. ಹಿಡಿತ ಸಿಗದವರು ಮೆಷಿನ್ ಜಾರೀತೆಂದು ಒತ್ತಿಯೇ ಒತ್ತುತ್ತಾರೆ. ಕೆಲಸ ನಿಧಾನವಾಗುತ್ತದೆ, ಇನ್ನಷ್ಟು ಒತ್ತುತ್ತಾರೆ. ಮೆಷಿನ್ ಕೈಗೆ ಹೊಂದದ್ದಕ್ಕೆ ಪೆಟ್ಟು ಕೈಗೂ ಬೀಳುತ್ತದೆ, ಮರಕ್ಕೂ ಬೀಳುತ್ತದೆ.

ಎತ್ತರದ ಲೆಕ್ಕ ಇನ್ನೂ ಮುಖ್ಯ. ಸಾಮಾನ್ಯ ಮೋಟಾರು ಪ್ಯಾಡಿನ ಮೇಲೆ ಉದ್ದಕ್ಕೆ ನಿಲ್ಲುವುದರಿಂದ ಅಂಗೈ ಇಡುವ ತಲೆ ಮರದಿಂದ ಬಹಳ ಮೇಲಿರುತ್ತದೆ. ಅಂಗೈ ಮೇಲೆ ಹೋದಷ್ಟೂ ಮೆಷಿನ್ ಒಂದು ಕಡೆಗೆ ವಾಲುವುದು ಸುಲಭ; ವಾಲದಂತೆ ತಡೆಯುವುದು ಮಣಿಕಟ್ಟಿನ ಕೆಲಸವಾಗುತ್ತದೆ. ದೊಡ್ಡ ಅಂಗೈಯವರ ಬೆರಳು ತಲೆಯನ್ನು ದಾಟಿ ಕೆಳಗಿನ ಕುತ್ತಿಗೆಯವರೆಗೂ ಇಳಿದು ಹಿಡಿಯುತ್ತದೆ. ಚಿಕ್ಕ ಕೈಯಲ್ಲಿ ಬೆರಳ ತುದಿ ತಲೆಯ ಉಬ್ಬಿನ ಮೇಲೇ ನಿಂತುಬಿಡುತ್ತದೆ, ಕೆಳಗೆ ಕೊಕ್ಕೆ ಹಾಕಲು ಆಗುವುದಿಲ್ಲ. ಬ್ರಶ್ ಇಲ್ಲದ ಚಪ್ಪಟೆ ಮೋಟಾರಿನ ಸ್ಯಾಂಡರುಗಳು ಈ ತೊಂದರೆಗೆಂದೇ ಮಾಡಿದಂತಿವೆ. ಫಿನ್ಲೆಂಡಿನ ಮಿರ್ಕಾ ಕಂಪನಿಯ ಡೆರೋಸ್ ಸುಮಾರು ಹತ್ತು ಸೆಂಟಿಮೀಟರ್ ಎತ್ತರ, ಒಂದು ಕೆಜಿ ಆಸುಪಾಸಿನ ತೂಕ. ಜರ್ಮನಿಯ ಫೆಸ್ಟೂಲ್‌ನದೂ ಇಂಥದೇ ಒಂದಿದೆ. ಎರಡೂ ದುಬಾರಿ, ಸಣ್ಣ ಶೆಡ್ಡಿಗೆ ಎಟುಕುವಂಥವಲ್ಲ. ಆದರೂ ಬೆಂಗಳೂರಿನಲ್ಲಿ ಎಲ್ಲಾದರೂ ಸಿಕ್ಕರೆ ಒಮ್ಮೆ ಕೈಯಿಟ್ಟು ನೋಡಿ ಬನ್ನಿ. ಒಳ್ಳೆಯ ಹಿಡಿತ ಹೇಗಿರುತ್ತದೆ ಎಂಬುದು ಕೈಗೆ ಗೊತ್ತಾದರೆ, ಅಗ್ಗದ ಮೆಷಿನ್ನುಗಳಲ್ಲಿ ಯಾವುದು ಅದಕ್ಕೆ ಹತ್ತಿರ ಎಂದು ಹೇಳಬಹುದು.

ನಮ್ಮ ಕಡೆ ಸುಲಭವಾಗಿ ಸಿಗುವುದರಲ್ಲಿ ಬಾಷ್ ಜಿಇಎಕ್ಸ್ 125-1 ಎಇ ಎಂಬ 250 ವಾಟಿನ ಮೆಷಿನ್ ಇದೆ, ತೂಕ 1.3 ಕೆಜಿ, ವೇಗವನ್ನು ನಿಮಿಷಕ್ಕೆ 7,500ರಿಂದ 12,000 ಸುತ್ತಿನವರೆಗೆ ಹೊಂದಿಸಬಹುದು. ವೇಗ ತಗ್ಗಿಸುವ ಚಕ್ರ ಇರುವುದು ಚಿಕ್ಕ ಕೈಗೆ ದೊಡ್ಡ ಅನುಕೂಲ, ಕಲಿಯುವ ದಿನಗಳಲ್ಲಂತೂ ಬೇಕೇ ಬೇಕು. ಇನ್ನೊಂದು ಜಾತಿ ಚೌಕ ಪ್ಯಾಡಿನ ಪಾಮ್ ಸ್ಯಾಂಡರ್. ಮಕಿಟಾ ಬಿಒ4556 ಅಂಥದು. 200 ವಾಟ್, 1.1 ಕೆಜಿ, ಪ್ಯಾಡ್ 112ಕ್ಕೆ 102 ಮಿಲಿಮೀಟರ್. ಇದರಲ್ಲಿ ಪ್ಯಾಡ್ ಸುತ್ತುವುದಿಲ್ಲ, ನಿಂತಲ್ಲೇ ಸಣ್ಣ ವೃತ್ತದಲ್ಲಿ ಅಲುಗುತ್ತದೆ. ಮರ ತಿನ್ನುವುದು ನಿಧಾನ, ಆದರೆ ಚೌಕದ ಅಂಚು ಮೂಲೆಯವರೆಗೂ ಹೋಗುತ್ತದೆ. ಮಾಮೂಲಿ ಉಪ್ಪುಕಾಗದದ ಹಾಳೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ಪಿಗೆ ಸಿಕ್ಕಿಸಿದರಾಯಿತು, ವೆಲ್ಕ್ರೋ ಡಿಸ್ಕಿಗೆ ದುಡ್ಡು ಸುರಿಯಬೇಕಿಲ್ಲ. ಮೊದಲ ಮೆಷಿನ್ ಕೊಳ್ಳುವ ಚಿಕ್ಕ ಕೈಯವರಿಗೆ ನಾನು ಹೇಳುವುದು ಇದನ್ನೇ. ಆರಂಭದಲ್ಲಿ ಮೆಷಿನ್ ಎಳೆದಾಡುವುದಿಲ್ಲ, ಅಂಗೈಯೊಳಗೆ ಕೂರುತ್ತದೆ, ತಪ್ಪಿದರೂ ಮರ ಹಾಳಾಗುವುದು ಕಡಿಮೆ. ವಾರವಿಡೀ ಬಾಗಿಲು, ಟೇಬಲ್ಲು ಮಾಡುವ ಶೆಡ್ಡಾದರೆ ಮಾತ್ರ ನೇರ 125ರ ರ‍್ಯಾಂಡಮ್ ಆರ್ಬಿಟ್‌ಗೆ ಹೋಗಿ. 150 ಮಿಲಿಮೀಟರಿನದು ಬೇಡ. ಪ್ಯಾಡ್ ದೊಡ್ಡದಾದಷ್ಟೂ ಅಂಚು ವಾಲಿದಾಗ ಕೈಯನ್ನು ತಿರುಚುವ ಸೆಳೆತವೂ ದೊಡ್ಡದಾಗುತ್ತದೆ.

ಹಾಳೆಯ ಮೂರನೇ ಒಂದು ಭಾಗ ಕೂರುವ ಉದ್ದ ಪ್ಯಾಡಿನ ಫಿನಿಶಿಂಗ್ ಸ್ಯಾಂಡರುಗಳ ತೂಕ 1.6 ಕೆಜಿಯ ಆಸುಪಾಸು. ತೂಕ ಹೆಚ್ಚಾದರೂ ಇವನ್ನು ಎರಡೂ ಕೈಯಲ್ಲಿ ಹಿಡಿಯುವುದರಿಂದ ಕೆಲವರಿಗೆ ಇವೇ ಹಗುರ ಅನ್ನಿಸುತ್ತವೆ. ಇಲ್ಲಿ ನೋಡಬೇಕಾದದ್ದು ಹಿಂದಿನ ಹಿಡಿಕೆಯ ದಪ್ಪ. ಬಲ ಹಾಕುವ ಉಪಕರಣದ ದುಂಡು ಹಿಡಿಕೆ ಒಂದೂಕಾಲು ಇಂಚಿನಿಂದ ಎರಡು ಇಂಚಿನೊಳಗೆ ಇರಬೇಕೆಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಷ್ 2004ರಲ್ಲಿ ಹೊರತಂದ ಕೈಪಿಡಿ ಹೇಳುತ್ತದೆ. ಅದು ಕೈ ಉಪಕರಣಗಳಿಗೆ ಹೇಳಿದ ಮಾತು. ಹಿಡಿಕೆ ಇರುವ ಸ್ಯಾಂಡರಿಗೂ ಅನ್ವಯಿಸಿಕೊಂಡರೆ ತಪ್ಪಿಲ್ಲ. ಚಿಕ್ಕ ಕೈಗೆ ಒಂದೂವರೆ ಇಂಚಿನ ಹತ್ತಿರ ಇದ್ದರೆ ಒಳ್ಳೆಯದು. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಹಿಡಿಕೆಯ ಸುತ್ತ ಬಂದು ಒಂದನ್ನೊಂದು ಮುಟ್ಟುವಂತಿದ್ದರೆ ಅದು ನಿಮ್ಮದು.

ನಮ್ಮ ಪೇಟೆಗಳಲ್ಲಿ ಸ್ಯಾಂಡರಿಗಿಂತ ಹೆಚ್ಚು ಕಾಣುವುದು ನಾಲ್ಕಿಂಚಿನ ಗ್ರೈಂಡರ್. ಮುಂದೆ ಒಂದು ರಬ್ಬರ್ ಪ್ಯಾಡ್, ಅದಕ್ಕೊಂದು ಪೇಪರ್ ಹಾಕಿದರೆ ಅದೇ ಸ್ಯಾಂಡರ್. ಇದರ ಬಾಡಿ ತೆಳ್ಳಗಿರುವುದರಿಂದ ಚಿಕ್ಕ ಕೈಗೆ ಚೆನ್ನಾಗಿ ಸಿಗುತ್ತದೆ, ಇದೇ ಸಾಕು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 100 ಮಿಲಿಮೀಟರ್ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 57 ಮೀಟರ್ ಓಡುತ್ತದೆ. ಎರಡೂವರೆ ಮಿಲಿಮೀಟರ್ ಆರ್ಬಿಟ್‌ನ ಸ್ಯಾಂಡರ್ 12,000ದಲ್ಲಿ ಓಡಿದರೂ ಆ ಪುಟ್ಟ ವೃತ್ತದ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ಚಿಲ್ಲರೆ. ಗ್ರೈಂಡರಿನ ಅಂಚು ಮರಕ್ಕೆ ಸಿಕ್ಕಿಕೊಂಡರೆ ಅಷ್ಟೂ ರಭಸ ಮಣಿಕಟ್ಟಿಗೆ ಬರುತ್ತದೆ. ಪಕ್ಕದ ಹಿಡಿಕೆ ಬಿಚ್ಚಿಟ್ಟು ಒಂದೇ ಕೈಯಲ್ಲಿ ಓಡಿಸುವ ರೂಢಿಯಂತೂ ದೊಡ್ಡ ಕೈಯವರಿಗೂ ಒಳ್ಳೆಯದಲ್ಲ. ಹುಣಸೆಯಂಥ ಗಟ್ಟಿ ಮರದ ದಿಮ್ಮಿಯ ಸಿಪ್ಪೆ ತೆಗೆಯಲು, ಒರಟು ಆಕಾರ ಕೊಡಲು ಗ್ರೈಂಡರ್ ಇರಲಿ. ಬಾಗಿಲ ಮುಖಕ್ಕೆ ಬೇಡ. ಪ್ಲೈವುಡ್ ಕೆಲಸಕ್ಕಂತೂ ಹತ್ತಿರ ತರಬೇಡಿ. ಡೆಕೊರೇಟಿವ್ ಪ್ಲೈ ಮೇಲಿನ ವಿನಿಯರ್ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿನ ಪದರ ಕಾಣುತ್ತದೆ.

ಬೆಲ್ಟ್ ಸ್ಯಾಂಡರ್ ಬೇಕಾಗುವುದು ಅಗಲ ಹಲಗೆಗಳನ್ನು ಜೋಡಿಸಿದ ಮೇಲೆ ಮಟ್ಟ ಮಾಡಲು. 76 ಮಿಲಿಮೀಟರ್ ಅಗಲದ ಬೆಲ್ಟಿನದು ಸುಮಾರು 2.7 ಕೆಜಿ ತೂಗುತ್ತದೆ, 100 ಮಿಲಿಮೀಟರಿನದು ಐದು ಕೆಜಿಯನ್ನೂ ದಾಟುತ್ತದೆ. ಸ್ವಿಚ್ ಒತ್ತಿದ ಕೂಡಲೇ ಮುಂದಕ್ಕೆ ಎಳೆಯುತ್ತದೆ. ಹಿಂದೆ ಹಿಡಿದ ಕೈ ಸಣ್ಣದಾಗಿದ್ದರೆ ಮೊದಲ ಕ್ಷಣದಲ್ಲೇ ಹತೋಟಿ ತಪ್ಪುತ್ತದೆ. ಇದನ್ನು ಹಿಡಿದು ಓಡಿಸಲೇಬೇಕೆಂಬ ನಿಯಮವೇನೂ ಇಲ್ಲ. ಅದಕ್ಕೆಂದು ಕಂಪನಿಯೇ ಕೊಡುವ ಸ್ಟ್ಯಾಂಡಿನಲ್ಲಿ ಮೆಷಿನ್ನನ್ನು ತಲೆಕೆಳಗಾಗಿ ಬೆಂಚಿಗೆ ಬಿಗಿದು, ಮರವನ್ನೇ ಬೆಲ್ಟಿನ ಹತ್ತಿರ ತಂದರೆ ಭಾರವೂ ಇಲ್ಲ, ಎಳೆತವೂ ಇಲ್ಲ. ಚನ್ನಪಟ್ಟಣದ ಬೊಂಬೆ ಕೆಲಸದಲ್ಲೂ ಮೆಷಿನ್ನಿನ ಭಾರ ಕೈಗೆ ಬರುವುದಿಲ್ಲ. ಅಲ್ಲಿ ಲೇತಿನ ಮೇಲೆ ತಿರುಗುವುದು ಆಲೆ ಮರದ ತುಂಡು, ಉಳಿಯೂ ಉಪ್ಪುಕಾಗದವೂ ಕೈಯಲ್ಲಿ ನಿಂತಿರುತ್ತವೆ, ಕೊನೆಗೆ ಅರಗಿಗೆ ಹೊಳಪು ಕೊಡುವ ತಾಳೆಗರಿಯೂ ಅಷ್ಟೇ. ಅಲ್ಲಿನ ಹೆಂಗಸರು ಲೇತಿನ ಮುಂದೆ ಕೂತು ಮಾಡುವ ನಯಗಾರಿಕೆಗೆ ಕೈ ಎಷ್ಟು ದೊಡ್ಡದು ಎಂಬ ಪ್ರಶ್ನೆಯೇ ಬರುವುದಿಲ್ಲ. ಸಣ್ಣ ತುಂಡುಗಳನ್ನು ಹೆಚ್ಚಾಗಿ ಮಾಡುವ ಶೆಡ್ಡುಗಳು ಕೈಯಲ್ಲಿ ಹಿಡಿಯುವ ಎರಡನೇ ಮೆಷಿನ್ ಕೊಳ್ಳುವ ಬದಲು ಬೆಂಚಿನ ಮೇಲೆ ನಿಲ್ಲುವ ಡಿಸ್ಕ್ ಸ್ಯಾಂಡರ್ ಕೊಳ್ಳುವುದು ಜಾಣತನ.

ಶಿಡ್ಲಘಟ್ಟದ ಕಡೆಯ ಬಡಗಿಗಳಿಗೆ ಒಂದು ವಿಶೇಷ ಕೆಲಸ ಗೊತ್ತಿರುತ್ತದೆ, ರೇಷ್ಮೆ ಬಿಚ್ಚುವ ಚರಕದ ರಾಟೆ. ಅದರ ಮರದ ಪಟ್ಟಿಗಳ ಮೇಲೆ ಹಸಿ ಎಳೆ ಬಂದು ಸುತ್ತಿಕೊಳ್ಳುತ್ತದೆ. ಪಟ್ಟಿಯಲ್ಲಿ ಕೂದಲಿನಷ್ಟು ಸಿಬಿರು ಎದ್ದಿದ್ದರೂ ಎಳೆ ಸಿಕ್ಕಿ ಹರಿಯುತ್ತದೆ. ಇಂಥ ಕಿರಿದಾದ, ಅಂಚು ದುಂಡಾದ ಪಟ್ಟಿಗೆ ದುಂಡು ಪ್ಯಾಡಿನ ಮೆಷಿನ್ ತಂದರೆ ಪ್ಯಾಡ್ ಎರಡೂ ಬದಿಗೆ ವಾಲಿ ಅಂಚನ್ನು ತಿಂದು ಹಾಕುತ್ತದೆ. ಇಲ್ಲಿ ತ್ರಿಕೋನ ಪ್ಯಾಡಿನ ಡೆಲ್ಟಾ ಸ್ಯಾಂಡರ್, ಅಂದರೆ ಇಸ್ತ್ರಿಪೆಟ್ಟಿಗೆಯ ಮೂತಿಯಂಥದ್ದು, ಒಳ್ಳೆಯದು. ಒಂದು ಕೆಜಿಯ ಆಸುಪಾಸಿನ ಮೆಷಿನ್, ಬಾಡಿ ಸಣ್ಣ, ಮೂಲೆ ಕಿಂಡಿಗೂ ಹೋಗುತ್ತದೆ. ಕೊನೆಯ ನಯ ಮಾತ್ರ ಕೈಯಿಂದಲೇ ಆಗಬೇಕು: ಪಟ್ಟಿಯ ಮೇಲೆ ಸ್ವಲ್ಪ ನೀರು ಸವರಿ, ಒಣಗಿ ಎದ್ದ ನಾರನ್ನು 220ರ ಹಾಳೆಯಲ್ಲಿ ಮರದ ಎಳೆಯ ದಿಕ್ಕಿಗೇ ಉಜ್ಜಿ. ರಾಟೆಗೆ ಒದ್ದೆ ಎಳೆ ತಾಗುವುದರಿಂದ ಈ ನೀರಿನ ಹಂತ ಬಿಟ್ಟರೆ ಮೊದಲ ದಿನವೇ ನಾರು ಏಳುತ್ತದೆ. ಇಲ್ಲಿ ಚಿಕ್ಕ ಬೆರಳು ಇರುವವರೇ ಗೆಲ್ಲುತ್ತಾರೆ.

ಬ್ಯಾಟರಿ ಮೆಷಿನ್ ಬಗ್ಗೆ ಎರಡು ಮಾತು. ವೈರಿನ ಎಳೆದಾಟ ಇಲ್ಲ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ 18 ವೋಲ್ಟಿನ ಬ್ಯಾಟರಿ ಸೇರಿದರೆ ತೂಕ ಒಂದೂವರೆ ಕೆಜಿಯನ್ನು ದಾಟುತ್ತದೆ, ಭಾರ ಹಿಂದಕ್ಕೆ ವಾಲುತ್ತದೆ. ಬಾಗಿಲುವಾಡದಂತೆ ನಿಂತ ಮರಕ್ಕೆ ಹಿಡಿದಾಗ ಆ ಭಾರವನ್ನು ಹೊರುವುದು ಮಣಿಕಟ್ಟೇ. ಗಾಳಿಯಿಂದ ಓಡುವ ಸ್ಯಾಂಡರ್ ಎಲ್ಲಕ್ಕಿಂತ ಗಿಡ್ಡ, ಎಲ್ಲಕ್ಕಿಂತ ಹಗುರ. ಅದಕ್ಕೆ ನಿಮಿಷಕ್ಕೆ ಹತ್ತು ಘನ ಅಡಿಗೂ ಹೆಚ್ಚು ಗಾಳಿ ಎಡೆಬಿಡದೆ ಬೇಕು; ಪಾಲಿಶ್ ಹೊಡೆಯಲು ಇಟ್ಟುಕೊಂಡ ಒಂದು ಎಚ್‌ಪಿ ಕಂಪ್ರೆಸರ್ ಅಷ್ಟು ಕೊಡಲಾರದು.

ಅಂಗಡಿಗೆ ಹೋದಾಗ ಮೆಷಿನ್ನನ್ನು ಬಾಕ್ಸಿನಿಂದ ಹೊರಗೆ ತೆಗೆಸಿ. ಚಿಕ್ಕಬಳ್ಳಾಪುರದ ಬಜಾರಿನಲ್ಲೇ ಆಗಲಿ, ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೇ ಆಗಲಿ, ತೆಗೆಯಲು ಒಪ್ಪದ ಅಂಗಡಿಯಲ್ಲಿ ಕೊಳ್ಳುವ ಅಗತ್ಯವಿಲ್ಲ. ದಿನವೂ ಅದನ್ನು ಹಿಡಿಯುವವರೇ ಜೊತೆಯಲ್ಲಿರಬೇಕು. ‘ಅಕ್ಕಾ, ಇದು ತಗೊಳ್ಳಿ, ಇದ್ರಲ್ಲಿ ಪವರ್ ಜಾಸ್ತಿ’ ಎಂದು ಅಂಗಡಿಯವರು ಹೇಳಿದರೂ ಮೊದಲು ಪ್ಲಗ್ ಹಾಕದೆ ಕೌಂಟರಿನ ಮೇಲಿಟ್ಟು ಅಂಗೈ ಇಡಿ. ಮುಂಗೈ ಮತ್ತು ಮಣಿಕಟ್ಟು ಒಂದೇ ನೇರಕ್ಕೆ ಬರುತ್ತವೆಯೇ? ಬೆರಳ ಮೊದಲ ಗಂಟು ತಲೆಯ ಅಂಚನ್ನು ದಾಟಿ ಕೆಳಗೆ ಮಡಿಯುತ್ತದೆಯೇ? ಅಂಗೈ ಎತ್ತದೆ, ಇನ್ನೊಂದು ಕೈ ಬಳಸದೆ ಸ್ವಿಚ್ ಆರಿಸಲು ಆಗುತ್ತದೆಯೇ? ಈ ಮೂರನೆಯದು ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಏನಾದರೂ ಸಿಕ್ಕಿಕೊಂಡಾಗ ಸ್ವಿಚ್ ಬೆರಳಿಗೆ ಸಿಗಲೇಬೇಕು. ಎಡಗೈಯವರು ಧೂಳಿನ ಚೀಲ ಮೊಳಕೈಗೆ ತಾಗುತ್ತದೆಯೇ ಎಂದೂ ನೋಡಿಕೊಳ್ಳಿ. ಆಮೇಲೆ ಒಂದು ತುಂಡು ಪ್ಲೈ ಕೇಳಿ, ಪೆನ್ಸಿಲಿನಲ್ಲಿ ಅಡ್ಡಡ್ಡ ಗೆರೆ ಎಳೆದು ಒಂದೆರಡು ನಿಮಿಷ ಓಡಿಸಿ. ಗೆರೆಗಳೆಲ್ಲ ಒಂದೇ ಸಮ ಅಳಿಸುತ್ತಾ ಬಂದರೆ ಪ್ಯಾಡ್ ಚಪ್ಪಟೆಯಾಗಿ ಕೂತಿದೆ. ಒಂದು ಬದಿ ಮೊದಲು ಅಳಿಸಿದರೆ ನಿಮ್ಮ ಕೈ ಅದನ್ನು ವಾಲಿಸುತ್ತಿದೆ ಎಂದರ್ಥ, ಬೇರೆ ಮಾಡೆಲ್ ಕೇಳಿ.

ನಡುಕದ ಅಂಕಿ ಮೆಷಿನ್ ಜೊತೆ ಬರುವ ಪುಸ್ತಕದಲ್ಲಿರುತ್ತದೆ, ಸೆಕೆಂಡ್ ವರ್ಗಕ್ಕೆ ಇಷ್ಟು ಮೀಟರ್ ಎಂದು. ಯುರೋಪಿನಲ್ಲಿ 2002ರ ನಿಯಮದಂತೆ, ಎಂಟು ಗಂಟೆಯ ದಿನಕ್ಕೆ ಲೆಕ್ಕ ಹಾಕಿದಾಗ 2.5 ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. 2.5ರ ಗಡಿಯನ್ನು ಹಿಡಿದು ಹೇಳುವುದಾದರೆ, 5ರ ಮೆಷಿನ್ನನ್ನು ದಿನಕ್ಕೆ ಎರಡು ಗಂಟೆ ಓಡಿಸಬಹುದು, 7ರದ್ದನ್ನು ಒಂದೇ ಗಂಟೆ. ಅಂಕಿ ಸ್ವಲ್ಪ ಏರಿದರೆ ಹೊತ್ತು ಬಹಳ ಇಳಿಯುತ್ತದೆ. ಈ ಗಂಟೆಗಳು ಸ್ವಿಚ್ ಆನ್ ಇರುವ ಹೊತ್ತು ಮಾತ್ರ, ಮರ ತಿರುಗಿಸುವ ಹೊತ್ತು ಸೇರುವುದಿಲ್ಲ. ವರ್ಷಗಟ್ಟಲೆ ಮಿತಿ ಮೀರಿದರೆ ಬೆರಳ ರಕ್ತನಾಳಗಳು ಕುಗ್ಗಿ, ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುವ ಕಾಯಿಲೆ ಬರುತ್ತದೆ. ಡಿಸೆಂಬರಿನಲ್ಲಿ ನಂದಿಬೆಟ್ಟದ ಸುತ್ತಿನ ಊರುಗಳಲ್ಲಿ ಬೆಳಗಿನ ಚಳಿ ಇದ್ದಾಗ ಕೈ ಬೆಚ್ಚಗಾಗುವ ಮೊದಲೇ ಮೆಷಿನ್ ಹಿಡಿಯಬೇಡಿ. ರಾತ್ರಿ ಮಲಗಿದಾಗಲೂ ಬೆರಳು ಜುಮುಜುಮು ಅನ್ನುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಬರೀ ಕೆಲಸದ ಸುಸ್ತು ಎಂದು ಬಿಡಬೇಡಿ.

ಕೈಗವಸು ಹಾಕುವುದಾದರೆ ಅಳತೆ ನೋಡಿ. ನಮ್ಮ ಅಂಗಡಿಗಳಲ್ಲಿ ಇರುವುದೆಲ್ಲ ದೊಡ್ಡ ಸೈಜು. ಬೆರಳ ತುದಿಯಲ್ಲಿ ಬಟ್ಟೆ ಮಡಚಿಕೊಂಡರೆ ಇನ್ನೂ ಬಿಗಿ ಹಿಡಿಯಬೇಕಾಗುತ್ತದೆ. ಸಣ್ಣ ಸೈಜು ಸಿಗದಿದ್ದರೆ ಬರಿಗೈಯೇ ವಾಸಿ. ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿದು, ಬಳೆ ತೆಗೆದಿಟ್ಟು, ಜಡೆಯನ್ನು ಮೇಲಕ್ಕೆ ಕಟ್ಟಿ. ಮೇಲೆ ಒಂದು ಹತ್ತಿಯ ಕೋಟು ಇದ್ದರೆ ಇನ್ನೂ ಸುರಕ್ಷಿತ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಐಎಸ್ 9473 ಗುರುತಿರುವ ಮಾಸ್ಕ್ ಕೊಳ್ಳಿ, ಅದೂ ನಿಮ್ಮ ಮುಖದ ಅಳತೆಗೆ. ಕೆನ್ನೆಯ ಪಕ್ಕ ಸಂದು ಇದ್ದರೆ ಧೂಳು ಅಲ್ಲಿಂದಲೇ ನುಗ್ಗುತ್ತದೆ. ವ್ಯಾಕ್ಯೂಮ್ ಪೈಪ್ ಜೋಡಿಸುವವರು ಪೈಪನ್ನೂ ವೈರನ್ನೂ ಒಟ್ಟಿಗೆ ಕಟ್ಟಿ ಮಾಡಿನ ತೊಲೆಗೆ ಹಗ್ಗದಲ್ಲಿ ತೂಗುಬಿಡಿ. ಅವುಗಳ ಭಾರ ಕೈಯ ಮೇಲೆ ಬೀಳದಿದ್ದರೆ ಮೆಷಿನ್ನಿನ ತೂಕವೇ ಇಳಿದಂತೆ ಅನ್ನಿಸುತ್ತದೆ. ಧೂಳು ಕೂಡಲೇ ಎಳೆದುಹೋದರೆ ಪೇಪರೂ ಕಟ್ಟಿಕೊಳ್ಳುವುದಿಲ್ಲ. ಎಣ್ಣೆ ಅಂಶದ ತೇಗಕ್ಕೆ ಇದು ತುಂಬ ಮುಖ್ಯ. ಡಿಸ್ಕಿನ ತೂತುಗಳು ಪ್ಯಾಡಿನ ತೂತುಗಳ ಮೇಲೆ ಸರಿಯಾಗಿ ಕೂರದಿದ್ದರೆ ವ್ಯಾಕ್ಯೂಮ್ ಇದ್ದೂ ಇಲ್ಲದಂತೆ.

ಬೆಂಚಿನ ಎತ್ತರವೂ ಕೊಂಚ ಗಮನಿಸಬೇಕಾದ್ದು. ಕೈ ಚಿಕ್ಕದಿರುವ ಬಹಳ ಜನ ಎತ್ತರದಲ್ಲೂ ಚಿಕ್ಕವರು. ಯಜಮಾನರ ಎತ್ತರಕ್ಕೆ ಮಾಡಿದ ಬೆಂಚಿನ ಮುಂದೆ ನಿಂತರೆ ಭುಜ ಮೇಲೆದ್ದು ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಮೊಳಕೈಗಿಂತ ಒಂದು ಗೇಣು ಕೆಳಗೆ ಮರದ ಮೇಲ್ಮೈ ಬರಬೇಕು. ಬೆಂಚು ಕೊಯ್ಯಲು ಆಗದಿದ್ದರೆ ನಿಲ್ಲಲು ಅಗಲವಾದ, ಅಲುಗದ ಹಲಗೆಯ ಮೆಟ್ಟಿಲು ಮಾಡಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ಅದರಲ್ಲಿ ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗಿನ ಇ-ವೋಚರ್, ಆಮೇಲೆ ಶೇ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ನಂತರ ಎರಡು ಲಕ್ಷದವರೆಗೆ ಸಾಲ ಇದೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಸಿಗುವ ಯೋಜನೆ ಇದು. ಮನೆಯಲ್ಲಿ ಪೇಪರ್ ಹೊಡೆಯುವವರು ಹೆಣ್ಣುಮಕ್ಕಳಾದರೆ ಅರ್ಜಿ ಯಾರ ಹೆಸರಿನಲ್ಲಿ ಹಾಕಬೇಕೆಂದು ಮೊದಲೇ ಕೂತು ಮಾತಾಡಿ.

ಕೊಳ್ಳುವ ಮುನ್ನ ಬಿಡಿಭಾಗ ವಿಚಾರಿಸಿ. ಸ್ಯಾಂಡರಿನಲ್ಲಿ ಮೊದಲು ಸವೆಯುವುದು ವೆಲ್ಕ್ರೋ ಪ್ಯಾಡ್, ಆಮೇಲೆ ಕಾರ್ಬನ್ ಬ್ರಶ್, ಆಮೇಲೆ ಬೇರಿಂಗ್. ಪ್ಯಾಡ್ ಸಡಿಲವಾಗಿ ಪೇಪರ್ ಹಾರತೊಡಗಿದರೆ ಮೆಷಿನ್ ಹಾಳಾಯಿತೆಂದು ಮೂಲೆಗೆ ಎಸೆಯುವವರಿದ್ದಾರೆ. ನಾಲ್ಕು ಸ್ಕ್ರೂ ಬಿಚ್ಚಿ ಹೊಸ ಪ್ಯಾಡ್ ಹಾಕಿದರೆ ಮತ್ತೆ ಹೊಸದರಂತೆ ಓಡುತ್ತದೆ. ಸೆಕೆಂಡ್ ಹ್ಯಾಂಡ್ ತರುವವರು ಪ್ಲಗ್ ತೆಗೆದು ಪ್ಯಾಡನ್ನು ಕೈಯಲ್ಲಿ ತಿರುಗಿಸಿ. ಗರಗರ ಸದ್ದು ಬಂದರೆ, ಅಕ್ಕಪಕ್ಕ ಅಲುಗಿಸಿದಾಗ ಟಕ್ಕೆಂದರೆ ಬೇರಿಂಗ್ ಹೋಗಿದೆ, ಅಂಥದ್ದರ ನಡುಕ ಪುಸ್ತಕದಲ್ಲಿ ಬರೆದ ಅಂಕಿಗಿಂತ ಬಹಳ ಹೆಚ್ಚಿರುತ್ತದೆ. ಬೇರಿಂಗ್ ಬದಲಿಸಿಕೊಡುವುದಾದರೆ ತನ್ನಿ, ಇಲ್ಲದಿದ್ದರೆ ಬಿಟ್ಟು ಬನ್ನಿ.